ಹೆಚ್ಚಿದ ಬಳೆ

ಚಿತ್ರದುರ್ಗದ ಹೊರಗೆ ನನ್ನದೊಂದು ಸಿಮೆಂಟ್ ಇಟ್ಟಿಗೆ ಮಾಡುವ ಜಾಗವಿದೆ. ಮರಳು ಸಿಗುವುದು ಕಷ್ಟವಾದ ಮೇಲೆ ಒಡೆದ ಬಾಟಲಿ, ಕಿಟಕಿ ಗಾಜು ತರಿಸಿ, ತೊಳೆಸಿ, ಯಂತ್ರದಲ್ಲಿ ಪುಡಿ ಮಾಡಿಸುತ್ತೇನೆ. ಕಾಂಕ್ರೀಟಿಗೆ ಐದು ಬಾಂಡಲಿ ಮರಳು ಬೇಕಾದ ಕಡೆ ನಾಲ್ಕು ಮರಳು, ಒಂದು ಗಾಜು. ಚೂರು ದಪ್ಪ ಉಳಿದರೆ ಮುಂದೆ ಬಿರುಕು ಬಿಡುವ ಭಯ. ಹಾಗಾಗಿ ಜರಡಿ ವಿಷಯದಲ್ಲಿ ನಾನು ರಾಕ್ಷಸಿ. ಮೊದಲೇ ಕೋಪ ಮೂಗಿನ ತುದಿಯಲ್ಲಿ. ಕೆಲಸದವರು ಬೆನ್ನ ಹಿಂದೆ ಏನನ್ನುತ್ತಾರೆಂದು ನನಗೂ ಗೊತ್ತು.

ಒಂದು ದಿನ ಭರಮಸಾಗರದ ಬಳೆ ಅಂಗಡಿಯ ಅಕ್ಕ ಆಟೋದಲ್ಲಿ ಮೂರು ಚೀಲ ಬಳೆ ಚೂರು ತಂದಿಳಿಸಿದರು. ಅಂಗಡಿಯ ಹಲಗೆ ಕುಸಿದು ಇದ್ದ ಮಾಲೆಲ್ಲ ನೆಲಕ್ಕೆ ಬಿದ್ದಿತ್ತಂತೆ. ಗಂಡ ತೀರಿಕೊಂಡ ಮೇಲೆ ಬಳೆ ಮಾರಿಯೇ ಅವರು ಒಂದು ಕೋಣೆಯ ಸ್ವಂತ ಮನೆ ಎಬ್ಬಿಸಿದ್ದರು. ನೆಲ ಹಾಕುವುದೊಂದು ಬಾಕಿ ಇತ್ತು.

"ತಿಪ್ಪೆಗೆ ಸುರಿಯಾಕೆ ಮನಸ್ಸು ಬರಲ್ಲ ಕಣವ್ವ. ನನ್ನ ಮನೆ ನೆಲಕ್ಕೇ ಹಾಕ್ಸಿಬಿಡ್ತೀನಿ. ಆಗ್ತೈತಾ?"

"ಆಗ್ದೇ ಏನಕ್ಕ, ಕಲ್ಲಾಗ್ತೈತೆ" ಎಂದೆ.

ಸಕ್ಕರೆಗಿಂತ ಸಣ್ಣಗೆ ಪುಡಿ ಮಾಡಿಸಿದೆ. ಚೀಲದ ಮೇಲೆ ಒಳಗಿರುವುದನ್ನು ಬರೆಯುವುದು ನನ್ನ ಅಭ್ಯಾಸ. ಮಾರ್ಕರ್ ತೆಗೆದು ದಪ್ಪಕ್ಷರದಲ್ಲಿ ಬರೆದೆ: ಒಡೆದ ಬಳೆ.

ನೆಲ ಹಾಕುವ ದಿನ ಅಳತೆ ತೋರಿಸಲು ನಾನೇ ಹೋದೆ. ಗಾರೆ ಕೆಲಸಕ್ಕೆ ನಿಂತವನು ಅಕ್ಕನ ಮೈದುನ. ಚೀಲ ಎತ್ತಲು ಬಗ್ಗಿದವನು ಅಕ್ಷರ ಓದಿ ಕರಣೆ ಕೆಳಗಿಟ್ಟ.

"ಅತ್ತಿಗೆ, ಹೊಸ ಮನೆಗೆ ಒಡೆದ ಬಳೆ ಹಾಕ್ತಾರಾ? ನಾನಂತೂ ಈ ನೆಲ ಹಾಕಲ್ಲ. ಊರಾಗೆ ಬೇರೆ ಯಾರೂ ಹಾಕಲ್ಲ."

ನನಗೆ ರೇಗಿತು. "ಬಾಟ್ಲಿ ಗಾಜಾಗಿದ್ರೆ ಸುಮ್ನೆ ಕಲಸ್ತಿದ್ರಿ. ಬಳೆ ಗಾಜಿಗೇನು ಕೊಂಬು ಬಂದೈತಾ?" ಎಂದೆ. ಗಟ್ಟಿತನ, ಜರಡಿ, ಪರೀಕ್ಷೆ ಎಲ್ಲ ಹೇಳಿದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೈ ತೊಳೆದುಕೊಂಡು ಹೊರಟೇಬಿಟ್ಟ. ಅಕ್ಕನ ಮುಖ ನೋಡಲಾಗಲಿಲ್ಲ. ಅವನು ಬಿಟ್ಟುಹೋದ ಕೆಲಸಕ್ಕೆ ಆ ಊರಲ್ಲಿ ಇನ್ನೊಬ್ಬ ಕೈ ಹಾಕುತ್ತಿರಲಿಲ್ಲ.

ಅಳತೆ ಗುರುತಿಗೆಂದು ಹಿಡಿದಿದ್ದ ಮಾರ್ಕರನ್ನು ಅಕ್ಕ ನನ್ನ ಕೈಯಿಂದ ಇಸಿದುಕೊಂಡರು. ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತು, 'ಒಡೆದ' ಎಂಬುದನ್ನು ಹೊಡೆದುಹಾಕಿ, ಮೇಲೆ 'ಹೆಚ್ಚಿದ' ಎಂದು ಬರೆದರು.

ನನಗೆ ನಾಚಿಕೆಯಾಯಿತು. ನಮ್ಮಲ್ಲಿ ಬಳೆ ಒಡೆದರೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ಚಿಕ್ಕವಳಿದ್ದಾಗ ಈ ಮಾತು ತಪ್ಪಿದ್ದಕ್ಕೆ ಅಜ್ಜಿಯಿಂದ ತಲೆಗೆ ಮೊಟಕಿಸಿಕೊಂಡವಳು ನಾನು. ಗಾಜಿನ ಕೆಲಸಕ್ಕೆ ಬಿದ್ದ ಮೇಲೆ ನನಗೆ ಎಲ್ಲವೂ ಒಡೆದದ್ದೇ ಆಗಿತ್ತು.

"ನೋಡಪ್ಪ" ಎಂದು ಅಕ್ಕ ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಮೈದುನನನ್ನು ಕರೆದರು. "ಇವು ಅಂಗಡ್ಯಾಗೆ ಹೆಚ್ಚಿದ್ವು. ಒಡೆದಿದ್ದು ನನ್ನ ಕೈಯಾಗಿನವು. ನಿಮ್ಮಣ್ಣ ಹೋದ ದಿನ ಒಡೀರಿ, ಒಡೀರಿ ಅಂದ್ರು. ನೀನೂ ಅಲ್ಲೇ ನಿಂತಿದ್ದೆ. ಹೆಚ್ಚಿದ್ವು ಅಂತ ಒಬ್ರೂ ಅನ್ಲಿಲ್ಲ."

ಅವನು ಮೆಟ್ಟಿದ್ದ ಚಪ್ಪಲಿ ಕಳಚಿದ. ಆಮೇಲೆ ವಾಪಸ್ಸು ಬಂದು ಚೀಲದ ಬಾಯಿ ಬಿಚ್ಚಿದ. ನಾಲ್ಕು ಬಾಂಡಲಿ ಮರಳಿಗೆ ಒಂದು ಬಾಂಡಲಿ ಬಳೆ, ತಾನೇ ಎಣಿಸಿ ಹಾಕಿದ. ಸಂಜೆಯೊಳಗೆ ನೆಲ ಮುಗಿಯಿತು.

ದಿನಗಟ್ಟಲೆ ನೀರು ಕಟ್ಟಿ ನೆಲ ಗಟ್ಟಿಯಾದ ಮೇಲೆ ಗೃಹಪ್ರವೇಶಕ್ಕೆ ನನ್ನನ್ನೂ ಕರೆದಿದ್ದರು. ಕಳಸ ಹಿಡಿದ ಮುತ್ತೈದೆಯರು ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಮನೆಯೊಡತಿ ಎಲ್ಲರಿಗಿಂತ ಹಿಂದೆ, ಗೋಡೆಯ ಮರೆಗೆ ಸರಿದಿದ್ದರು. ನನ್ನ ನಾಲಿಗೆ ತುರಿಸುತ್ತಿತ್ತು. ಅಷ್ಟರಲ್ಲಿ ಮೈದುನ ಹೆಂಗಸರನ್ನು ಪಕ್ಕಕ್ಕೆ ಸರಿಸಿ ದಾರಿ ಮಾಡಿದ.

"ಅತ್ತಿಗೆ, ಮೊದ್ಲು ನೀವು ಬರ್ರಿ."

ಬರಿಗೈಯ ಅಕ್ಕ ಬರಿಗಾಲಲ್ಲಿ ತಮ್ಮ ಬಳೆಗಳ ಮೇಲೆ ನಡೆದು ಒಳಗೆ ಹೋದರು.