ಬೀಗದ ಕೈಗೆ ಯಾರ ಕೈ ಅಳತೆ

ನಮ್ಮ ಬಿಳಿಗೆರೆ ಮನೆಯ ಕೊಬ್ಬರಿ ಅಟ್ಟದ ಬೀಗದ ಕೈ ಅತ್ತೆಯ ಸೆರಗಿನ ತುದಿಯಲ್ಲಿ ಗಂಟಾಗಿರುತ್ತಿತ್ತು. ಅಟ್ಟಕ್ಕೆ ಕಾಯಿ ಹಾಕಿ ವರ್ಷ ಕಳೆದ ಮೇಲೆ ಅವರೇ ಏಣಿ ಹತ್ತಿ, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡು ಸದ್ದು ಮಾಡಿದರೆ ಮಾತ್ರ ಇಳಿಸಲು ಹೇಳುತ್ತಿದ್ದರು. ಅವರು ಹೂಂ ಅನ್ನುವ ತನಕ ಮನೆಯಲ್ಲಿ ಯಾರೂ ಕಾಯಿ ಮುಟ್ಟುವಂತಿರಲಿಲ್ಲ. ನನ್ನ ಗಂಡ ಕೂಡ.

ಹೋದ ವರ್ಷ ಆ ಗಂಟು ಎರಡು ಸಲ ಬಿಚ್ಚಿ ಕೀ ಬಿದ್ದುಹೋಯಿತು. ಒಂದು ಸಲ ಕೊಟ್ಟಿಗೆಯಲ್ಲಿ ಸಿಕ್ಕಿತು, ಇನ್ನೊಂದು ಸಲ ಬಚ್ಚಲಲ್ಲಿ. "ಅತ್ತೆ, ಕೈಗೇ ಹಾಕ್ಕೊಳೋ ಹಂಗೆ ಒಂದು ಪಟ್ಟಿ ಹೊಲ್ದ್ ಕೊಡ್ತೀನಿ," ಅಂದೆ. ಆಗಷ್ಟೇ ಹೊಲಿಗೆ ಮೆಷಿನ್ ಬಂದಿತ್ತು. ದಿಂಬಿನ ಕವರ್ ಬಿಟ್ಟು ಬೇರೇನೂ ಹೊಲಿಯಲು ಬರದಿದ್ದರೂ ಜಂಬಕ್ಕೇನೂ ಕಡಿಮೆ ಇರಲಿಲ್ಲ.

ಫೋನಿನಲ್ಲಿ ನೋಡಿಕೊಂಡು ಹೊಲಿದೆ. ಕೆಲಸ ಸುಲಭ. ನಾಲ್ಕು ಬೆರಳಗಲದ ಬಟ್ಟೆಯ ಎರಡೂ ಅಂಚನ್ನು ನಡುವಿಗೆ ಮಡಿಚಿ, ಮತ್ತೆ ಅರ್ಧಕ್ಕೆ ಮಡಿಚಿ ಇಸ್ತ್ರಿ ಮಾಡಬೇಕು. ಎರಡೂ ಬದಿಗೆ ಹೊಲಿಗೆ ಓಡಿಸಿ, ಒಂದು ಉಂಗುರ ಪೋಣಿಸಿ, ತುದಿಗಳನ್ನು ಸೇರಿಸಿ ಹೊಲಿದರೆ ಮುಗಿಯಿತು. ಬಟ್ಟೆ ಅತ್ತೆಯ ಹಳೇ ಹಸಿರು ಸೀರೆಯದೇ. ಉದ್ದ ಎಷ್ಟು ಬೇಕೆಂದು ನನ್ನ ಕೈಗೇ ಸುತ್ತಿ ನೋಡಿ ಕತ್ತರಿಸಿದೆ.

ಜಗಲಿಯಲ್ಲಿ ಕೂತಿದ್ದ ಅತ್ತೆಗೆ ಕೊಟ್ಟೆ. ಕಾಯಿ ಸುಲಿದೂ ಸುಲಿದೂ ಗೆಣ್ಣು ದಪ್ಪಗಾದ ಅವರ ಕೈ ಅದರೊಳಗೆ ತೂರಲಿಲ್ಲ. ಬಲಗೈ ಆಯಿತು, ಎಡಗೈ ಆಯಿತು. ಹೆಬ್ಬೆರಳನ್ನು ಅಂಗೈಗೆ ಒತ್ತಿ, ಬಳೆ ತೊಡುವ ಹಾಗೆ ತಿರುಗಿಸಿಯೂ ನೋಡಿದರು. ಆಮೇಲೆ ನನ್ನ ಕೈ ಹಿಡಿದು ತೊಡಿಸಿದರು. ಸಲೀಸಾಗಿ ಹೋಯಿತು.

"ನಿನ್ ಅಳತೆಗೇ ಹೊಲ್ದಿದೀಯ ಕಣವ್ವ," ಅಂದರು. ಕೋಪ ಇರಲಿಲ್ಲ. ಸೆರಗಿನ ಗಂಟು ಬಿಚ್ಚಿ ಕೀಯನ್ನು ತಾವೇ ಉಂಗುರಕ್ಕೆ ಹಾಕಿದರು. "ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ? ಇರ್ಲಿ ಬುಡು."

ಅಯ್ಯೋ, ಹಂಗಲ್ಲ ಅತ್ತೆ, ಅಳತೆ ತಪ್ಪಿತು, ಬಿಚ್ಚಿ ಹೊಲೀತೀನಿ ಅನ್ನಬೇಕಿತ್ತು. ಒಂದೇ ಮಾತು. ನಾನು ಅನ್ನಲಿಲ್ಲ. ಅಷ್ಟು ವರ್ಷ ಏಣಿಯ ಕೆಳಗೆ ನಿಂತು ಕಾದವಳಿಗೆ ಕೈಯಲ್ಲಿ ಆ ಕೀ ತೂಗಿದ್ದು ಹಿತವಾಯಿತು. ಹಾಳಾದ ಆಸೆ, ಬಾಯಿ ಕಟ್ಟಿಹಾಕಿತು.

ಅವತ್ತಿನಿಂದ ಅತ್ತೆ ಅಟ್ಟ ಹತ್ತಿಲ್ಲ. ನಾನೇ ಹತ್ತುತ್ತೇನೆ, ಕಾಯಿ ಅಲ್ಲಾಡಿಸುತ್ತೇನೆ, ಎಷ್ಟೋ ಸಲ ತಪ್ಪು ಹೇಳುತ್ತೇನೆ. ಹೋದ ತಿಂಗಳು ನಾನು ಇಳಿಸಿದ ಕಾಯಿ ಒಡೆದರೆ ಒಳಗೆ ಇನ್ನೂ ನೀರಿತ್ತು. ಅತ್ತೆ ನೋಡಿದರು, ಹೋಳುಗಳನ್ನು ಅಡುಗೆಗೆಂದು ಎತ್ತಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಮೊನ್ನೆ ಅವರ ಬಳೆಯ ಅಳತೆ ಹಿಡಿದು ಇನ್ನೊಂದು ಪಟ್ಟಿ ಹೊಲಿದೆ. ಕೀಯನ್ನೂ ಅದಕ್ಕೇ ಹಾಕಿ ಕೊಟ್ಟು, "ತಪ್ಪಾಯ್ತು ಅತ್ತೆ, ಅವತ್ತೇ ಹೇಳ್ಬೇಕಿತ್ತು," ಅಂದೆ. ಈ ಸಲ ಕೈ ತೂರಿತು. ಅತ್ತೆ ಹೊಲಿಗೆಯನ್ನೆಲ್ಲ ಸವರಿ ನೋಡಿದರು. ಆಮೇಲೆ ಕೀ ಬಿಚ್ಚಿ ನನ್ನ ಅಂಗೈಗೆ ಇಟ್ಟರು.

"ಹತ್ತದೆ ಹತ್ತದೆ ಕಾಲು ಏಣೀನೇ ಮರ್ತ್‌ಬುಟ್ಟವೆ ಕಣವ್ವ. ನಿನ್ತಾವೇ ಇರ್ಲಿ."

ಪಟ್ಟಿಯನ್ನು ಮಾತ್ರ ಅವರು ತೆಗೆದಿಲ್ಲ. ನಾನು ಅಟ್ಟದ ಬೀಗ ತೆಗೆಯುವ ಸದ್ದಾದರೆ, ಖಾಲಿ ಉಂಗುರ ತೂಗುವ ಆ ಕೈ ಈಗಲೂ ಸೆರಗಿನ ತುದಿಯನ್ನು ತಡಕುತ್ತದೆ.