ಪಂಕ್ತಿಯಲ್ಲಿ ತಡವಾಗಿ ಏಳುತ್ತಿದ್ದವರು

ಮುದ್ದೆಯ ತುತ್ತು ನುಂಗುವಾಗ ನಮ್ಮತ್ತೆಯ ಕತ್ತಿನ ನರ ಎರಡೂ ಬದಿ ಉಬ್ಬಿ, ಕೊರಳಿನ ತೆಳು ಸರ ಒಮ್ಮೆ ಮೇಲಕ್ಕೆ ಸರಿದು ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ ಮುಗಿಯಿತು, ಹಲ್ಲಿಗೆ ಕೆಲಸವಿಲ್ಲ. "ಮುದ್ದೆ ಅಗಿದು ತಿನ್ನೋರು ಕೆಲಸಾನೂ ಹಂಗೇ ಅಗೀತಾ ಕೂತಿರ್ತಾರೆ ಕಣೇ" ಎನ್ನುತ್ತಿದ್ದರು. ಮಾವನವರಿಗೆ ಲಕ್ಕವಳ್ಳಿಯ ಡ್ಯಾಮಿನಲ್ಲಿ ಕೆಲಸವಿದ್ದಷ್ಟು ಕಾಲ ನೀರಿನ ಸದ್ದಿನಲ್ಲಿ ಕೂಗಿ ಕೂಗಿಯೋ ಏನೋ, ಅತ್ತೆಯ ಗುಟ್ಟಿನ ಮಾತೂ ಮೂರು ಮನೆಗೆ ಕೇಳುತ್ತಿತ್ತು. ಮಾವ ಹೋದ ಮೇಲೆ ಅಜ್ಜಂಪುರದಲ್ಲಿ ನನ್ನ ಮೈದುನನ ಮನೆಯಲ್ಲಿದ್ದರು.

ನಾನು ಕಡೂರಿನಲ್ಲಿ ಟೀಚರ್. ತುಂಬ ದಪ್ಪ ಇದ್ದೆ. ಮೆಟ್ಟಿಲು ಹತ್ತಿ ತರಗತಿಗೆ ಹೋದರೆ ಹಾಜರಿ ಕೂಗುವ ಮೊದಲು ಮೇಜು ಹಿಡಿದು ಉಸಿರು ತೆಗೆದುಕೊಳ್ಳಬೇಕಿತ್ತು. ಮಕ್ಕಳಾಗಿರಲಿಲ್ಲ. ಮೊದಲು ತೂಕ ಇಳಿಯಲಿ ಎಂದಿದ್ದರು ಡಾಕ್ಟರು. ಪಥ್ಯ, ವಾಕಿಂಗು ಯಾವುದೂ ಹತ್ತದೆ, ಶಿವಮೊಗ್ಗದಲ್ಲಿ ಹೊಟ್ಟೆಯನ್ನೇ ಚಿಕ್ಕದು ಮಾಡುವ ಆಪರೇಷನ್ ಮಾಡಿಸಿಕೊಂಡೆ. ಗಂಡನನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಅತ್ತೆಗೆ ಪಿತ್ತಕೋಶದ ಕಲ್ಲು ಎಂದೆವು. 'ಬಾಯಿ ಕಟ್ಟಕ್ಕಾಗ್ದೆ ಹೊಟ್ಟೆ ಕುಯ್ಸ್ಕೊಂಡ್ಳು' ಎಂಬ ಮಾತು ಯಾರೂ ಆಡುವ ಮೊದಲೇ ನನ್ನ ಕಿವಿಯಲ್ಲಿತ್ತು.

ಆಪರೇಷನ್ ಆದ ಮೇಲೆ ಸಣ್ಣ ತುತ್ತು, ಹಿಟ್ಟಾಗುವಷ್ಟು ಅಗಿಯುವುದು, ಊಟದ ನಡುವೆ ನೀರಿಲ್ಲ. ಸ್ವಲ್ಪ ಅವಸರವಾದರೂ ತುತ್ತು ಎದೆಗೂಡಿನ ಹಿಂದೆ ನಿಂತುಬಿಡುತ್ತಿತ್ತು. ಕೆಳಗಿಳಿಯದು, ಮೇಲೆ ಬಾರದು. ಬಾಯಲ್ಲಿ ನೊರೆಯಂಥ ಜೊಲ್ಲು ತುಂಬುತ್ತಿತ್ತು. ಮರೆಗೆ ಹೋಗಿ ಉಗಿಯುತ್ತ, ತುತ್ತು ಹೊರಗೆ ಬರುವವರೆಗೆ ಬಗ್ಗಿ ನಿಲ್ಲಬೇಕು.

ತರೀಕೆರೆಯಲ್ಲಿ ನೆಂಟರ ಮನೆಯ ನಾಮಕರಣದ ದಿನ ಹಾಗೇ ಆಯಿತು. ಪಂಕ್ತಿಯಲ್ಲಿ ಎಲ್ಲರೂ ಮಜ್ಜಿಗೆಗೆ ಬಂದಿದ್ದರು, ನನ್ನ ಎಲೆಯಲ್ಲಿ ಅನ್ನ ಹಾಗೇ ಇತ್ತು. ಪಕ್ಕದವರು ನೋಡಿದರೆಂದು ಎರಡು ತುತ್ತು ಬೇಗ ನುಂಗಿದೆ. ತಕ್ಷಣ ಎದೆ ಕಟ್ಟಿತು. ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಓಡಿದೆ. ಹಿಂದೆಯೇ ಬಂದ ಅತ್ತೆ ನನ್ನ ಬೆನ್ನು ಸವರುತ್ತ ನಿಂತವರು, ಮುಖ ಅರಳಿಸಿಕೊಂಡು ಒಳಗೆ ತಿರುಗಿ ಕೂಗಿದರು.

"ಅಂತೂ ನಮ್ಮನೇಗೂ ಒಂದು ಮಗ ಬತ್ತೈತೆ ಕಣ್ರೇ!"

ಹೆಂಗಸರೆಲ್ಲ ಬಾಗಿಲಿಗೆ ಬಂದರು. ಒಬ್ಬರು ನನ್ನ ಬಾಯಿಗೆ ಸಕ್ಕರೆ ಹಾಕಿದರು. ಗಂಟಲಲ್ಲಿ ಅನ್ನ, ನಾಲಿಗೆ ಮೇಲೆ ಸಕ್ಕರೆ. ಅಲ್ಲ ಎನ್ನಲೂ ಬಾಯಿ ಬರಲಿಲ್ಲ. ಮುಡಿಗೆ ಹೂ ಮುಡಿಸುವಾಗ ತಲೆ ತಗ್ಗಿಸಿದೆ. ಅದನ್ನು ಅವರು ನಾಚಿಕೆ ಎಂದುಕೊಂಡರು. ನಾಚಿಕೆಯೇ, ಬೇರೆ ಥರದ್ದು.

ಅಜ್ಜಂಪುರದ ಬಸ್ಸು ಹತ್ತಿದ ಮೇಲೆ ಹೇಳಿದೆ. "ಅತ್ತೆ, ಅದಲ್ಲ. ತುತ್ತು ಸಿಕ್ಕಾಕ್ಕೊಂಡಿತ್ತು. ನಂಗೆ ಕಲ್ಲಿನ ಆಪರೇಷನ್ ಅಲ್ಲ ಆಗಿದ್ದು." ಎಲ್ಲವನ್ನೂ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿ ಮುಗಿಸಿದೆ.

ಊರು ಬಂದು, ಬಸ್ಸಿಳಿದು, ಮನೆಯ ತಿರುವಿನಲ್ಲಿ ಅತ್ತೆ ನಿಂತರು.

"ಅಷ್ಟು ಜನದ ಮುಂದೆ ನಿನ್ನ ಮಾನ ತೆಗ್ದುಬಿಟ್ನಲ್ಲೇ."

"ನೀವೇನು ಬೇಕಂತ ಮಾಡಿದ್ರಾ ಅತ್ತೆ?"

"ಹೊಟ್ಟೆ ಕುಯ್ಸ್ಕೊಂಡು ಮಲಗಿದ್ದೀಯ, ನಾನಿಲ್ಲಿ ಕಲ್ಲು ಬಿತ್ತು ಅಂತ ಊರೆಲ್ಲಾ ಹೇಳ್ಕೊಂಡು ಓಡಾಡಿದೀನಿ. ನನ್ ಬಾಯಿಗೆ ಹೆದ್ರಿ ತಾನೆ ಹೇಳ್ದೇ ಇದ್ದಿದ್ದು?"

ನಾನು ಚೀಲ ಎತ್ತಿಕೊಂಡು ಮನೆಯ ಕಡೆ ನಡೆದೆ.

ಮರುದಿನ ಅವರೇ ತರೀಕೆರೆಗೆ ಫೋನ್ ಮಾಡಿಸಿದರು. "ನನ್ ಸೊಸೆಗೆ ಏನೂ ಇಲ್ಲ ಕಣಮ್ಮಾ. ಅನ್ನ ಗಂಟಲಿಗೆ ಸಿಕ್ಕಿತ್ತು. ನಾನೇ ಆಸೆಗೆ ಬಾಯಿ ಹರ್ಕೊಂಡೆ. ಅವಳನ್ನ ಏನೂ ಕೇಳಕ್ಕೆ ಹೋಗಬೇಡಿ." ಆಚೆಯಿಂದ ಏನೋ ನಗೆಮಾತು ಬಂದಿರಬೇಕು. "ಹೂಂ, ನಗಿ. ನಂಗೆ ಬುದ್ಧಿ ಇಲ್ಲ" ಎಂದು ಫೋನ್ ಇಟ್ಟರು. ಆಪರೇಷನ್ನಿನ ಸುದ್ದಿ ಎತ್ತಲಿಲ್ಲ. ಮುಂದಿನ ಚೆಕಪ್ಪಿಗೆ ಶಿವಮೊಗ್ಗಕ್ಕೆ ಜೊತೆಯಲ್ಲಿ ಬಂದು, ಡಾಕ್ಟರು ಹೇಳಿದ್ದನ್ನೆಲ್ಲ ನನಗಿಂತ ಗಮನವಿಟ್ಟು ಕೇಳಿಸಿಕೊಂಡರು. ಮಗುವಿನ ಮಾತನ್ನು ಮತ್ತೆಂದೂ ಆಡಲಿಲ್ಲ.

ನಮ್ಮ ಕಡೆ ಪಂಕ್ತಿಯಲ್ಲಿ ಹಿರಿಯರು ಏಳದೆ ಯಾರೂ ಏಳುವುದಿಲ್ಲ. ಅಂತರಘಟ್ಟೆಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋದಾಗ, ಸಾಲಿಗೆಲ್ಲ ಹಿರಿಯರಾದ ಅತ್ತೆ ನನ್ನ ಪಕ್ಕ ಕೂತರು. ಎಲ್ಲರಿಗಿಂತ ಮೊದಲು ಎಲೆ ಖಾಲಿ ಮಾಡುತ್ತಿದ್ದವರು ಅಂದು ಒಂದು ಹಪ್ಪಳವನ್ನು ಚೂರು ಚೂರು ಮುರಿದು ತಿಂದರು. ಮಜ್ಜಿಗೆ ಅನ್ನವನ್ನು ಸುಮ್ಮನೆ ಕಲಸಿದರು. ಬಡಿಸುವವರು ನಿಂತೇ ಇದ್ದರು. ಎದುರಿನವಳೊಬ್ಬಳು, "ಏನಜ್ಜೀ, ಹಲ್ಲೆಲ್ಲಾ ಹೋದ್ವಾ?" ಎಂದಳು.

"ಮುದುಕಿ ಆಗ್ಲಿಲ್ವೇನೇ ನಾನು?" ಎಂದರು ಅತ್ತೆ, ಕಬ್ಬು ಸಿಗಿಯುವಷ್ಟು ಗಟ್ಟಿ ಹಲ್ಲಿನ ಅತ್ತೆ. ನನ್ನ ಕಡೆ ತಿರುಗದೆ, ನಾನು ಅಲ್ಲಿಯವರೆಗೆ ಅವರಿಂದ ಕೇಳಿರದಷ್ಟು ಸಣ್ಣ ದನಿಯಲ್ಲಿ, "ನಿಧಾನ ತಿನ್ನು. ನಾನಿನ್ನೂ ಎದ್ದಿಲ್ಲ" ಎಂದರು.

ಆಮೇಲೆ ಎಲ್ಲ ಊಟದಲ್ಲೂ ಹೀಗೇ. ಅಜ್ಜಿಗೆ ವಯಸ್ಸಾಯಿತು ಎಂದು ನೆಂಟರೆಲ್ಲ ಮಾತಾಡಿಕೊಂಡರು. ನನ್ನಿಂದಾಗಿ ಅವರು ಸುಮ್ಮಸುಮ್ಮನೆ ಮುದುಕಿಯಾದರಲ್ಲ ಎಂದು ಸಂಕಟವಾಗುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಅವರ ಮರೆಯಲ್ಲಿ ಕೂತು ಉಣ್ಣುವುದು ನನಗೆ ಅನುಕೂಲವಾಗಿತ್ತು.

ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕಾಫಿ ಕುಡಿದು ಗೋಡೆಗೊರಗಿದವರು ಹಾಗೇ ಹೋಗಿಬಿಟ್ಟರು.

ತಿಥಿಯ ದಿನ ಬಂದವರಿಗೆಲ್ಲ ಬಡಿಸಿ, ಮನೆಯ ಹೆಂಗಸರು ಕಡೆಯ ಪಂಕ್ತಿಗೆ ಕೂತೆವು. ಒಬ್ಬೊಬ್ಬರದೇ ಊಟ ಮುಗಿಯಿತು. ಕೈ ಒಣಗಿಸಿಕೊಂಡು ಎಲ್ಲರೂ ಸುಮ್ಮನೆ ನನ್ನ ಕಡೆ ನೋಡುತ್ತಿದ್ದರು. ಹಿರಿಸೊಸೆ ನಾನು, ಆ ಪಂಕ್ತಿಗೆ ನಾನೇ ಹಿರಿಯಳೆಂದು ಆಗ ಹೊಳೆಯಿತು. ನನ್ನ ಎಲೆಯಲ್ಲಿ ಇನ್ನೂ ಅರ್ಧ ಅನ್ನವಿತ್ತು. ಎಲೆ ಮಡಿಸಿ ಎದ್ದುಬಿಡೋಣ ಎಂದು ಕೈ ಮುಂದೆ ಹೋಯಿತು. ತಲೆ ಎತ್ತದೆಯೇ ಹೇಳಿದೆ:

"ದಪ್ಪ ಇಳಿಸಕ್ಕೆ ನಾನು ಹೊಟ್ಟೆ ಆಪರೇಷನ್ ಮಾಡಿಸ್ಕೊಂಡಿದೀನಿ. ಬೇಗ ತಿಂದ್ರೆ ಸಿಕ್ಕಾಕ್ಕೊಳ್ತದೆ. ಸ್ವಲ್ಪ ಕೂತ್ಕೊಳ್ರೇ."

ಓರಗಿತ್ತಿ ಬಡಿಸುವ ಹುಡುಗಿಯನ್ನು ಕರೆದು, ತನ್ನ ಎಲೆಗೆ ಇನ್ನೊಂದು ಸೌಟು ಮಜ್ಜಿಗೆ ಹಾಕಿಸಿಕೊಂಡಳು.