ಅಕ್ಕ ಕಂಡ ಚಂದ್ರ

ಕೆಳಮನೆ ಅಜ್ಜಿಯ ಕತ್ತು ಎಡಕ್ಕೆ ವಾಲಿತ್ತು. ಹುಟ್ಟಿನಿಂದ ಬಂದದ್ದಲ್ಲ. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, ಹಿಟ್ಟು ನಾದುತ್ತಾ, ಮೊರಾಕೊದ ಹುಟ್ಟೂರಿನಲ್ಲಿದ್ದ ಅಕ್ಕನ ಜೊತೆ ಹರಟೆ ಹೊಡೆದು ಹೊಡೆದು ಹಾಗಾಯಿತೆಂದು ಅವರ ಗಂಡುಮಕ್ಕಳು ರೇಗಿಸುತ್ತಿದ್ದರು.

ನೆದರ್ಲೆಂಡ್ಸಿನ ಆಮ್ಸ್ಟೆಲ್‌ವೀನ್‌ನಲ್ಲಿ ನಮ್ಮ ಫ್ಲ್ಯಾಟಿನ ಕೆಳಗಿನದೇ ಅವರ ಮನೆ. ನನ್ನ ಬಾಣಂತನಕ್ಕೆ ಧಾರವಾಡದಿಂದ ಅವ್ವ ಬರಬೇಕಿತ್ತು, ವೀಸಾ ಸಿಗಲಿಲ್ಲ. ಅಳುವ ಕೂಸನ್ನು ಮಡಿಲಲ್ಲಿಟ್ಟುಕೊಂಡು ನಾನೂ ಅಳುತ್ತಾ ಕೂತಿದ್ದ ದಿನ ಬಾಗಿಲು ತಟ್ಟಿ, ಬಿಸಿ ಸೂಪಿನ ಪಾತ್ರೆ ಇಟ್ಟು, ಕೂಸಿಗೆ ಎಣ್ಣೆ ತಿಕ್ಕಿ ಮಲಗಿಸಿ ಹೋದವರು ಈ ಅಜ್ಜಿ. ಇಬ್ಬರೂ ಆಡುತ್ತಿದ್ದುದು ಹರಕುಮುರುಕು ಡಚ್. 'ಅಜ್ಜಿ' ಎಂದು ಕರೆಯುವುದು ಮಾತ್ರ ಕನ್ನಡದಲ್ಲೇ.

ರಂಜಾನ್ ಮುಗಿಯುವ ಹೊತ್ತಿಗೆ ಆ ಮನೆಯಲ್ಲಿ ಪ್ರತಿವರ್ಷ ಒಂದು ಜಗಳ. ಮಕ್ಕಳು ಇಲ್ಲಿನ ಮಸೀದಿ ಹೇಳಿದ ದಿನ ಹಬ್ಬ ಮಾಡುವವರು. ಅಜ್ಜಿಗೆ ಅದು ನಡೆಯದು. ಊರಿನಲ್ಲಿ ಅಕ್ಕ ಮಾಳಿಗೆ ಹತ್ತಿ, ಎಳೆಚಂದ್ರನನ್ನು ಕಣ್ಣಾರೆ ಕಂಡು ಫೋನು ಮಾಡಿದರೇ ಹಬ್ಬ. ಊರಿನ ಹಬ್ಬ ಒಂದು ದಿನ ತಡವಾದ ವರ್ಷ ಮೊಮ್ಮಕ್ಕಳು ಹೊಸ ಬಟ್ಟೆಯಲ್ಲಿ ಬಂದು ಕೂತರೆ, ಅಜ್ಜಿ ಉಪವಾಸದಲ್ಲೇ ಎಲ್ಲರಿಗೂ ಬಡಿಸುತ್ತಿದ್ದರು.

"ಅಲ್ಲಿ ನನ್ನ ಅಕ್ಕ ಹಸಿದುಕೊಂಡಿದ್ದಾಳೆ. ನನಗೆ ಗಂಟಲಲ್ಲಿ ಹೇಗೆ ಇಳಿಯುತ್ತೆ?"

ನಾನು ಸಂಕಷ್ಟಿಯ ದಿನ ಚಂದ್ರೋದಯದ ಹೊತ್ತನ್ನು ಮೊಬೈಲಿನಲ್ಲಿ ನೋಡಿ ಊಟ ಮಾಡುತ್ತೇನೆಂದು ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

"ಫೋನಿಗೆ ಕಣ್ಣಿದೆಯಾ?"

"ಈ ಮೋಡದ ದೇಶದಲ್ಲಿ ಇನ್ನೇನು ಮಾಡಲಿ ಅಜ್ಜಿ?"

"ಅದಕ್ಕೇ ಊರಲ್ಲಿ ಒಬ್ಬಳು ಅಕ್ಕ ಇರಬೇಕು."

ಹೋದ ವರ್ಷ ರಂಜಾನ್ ಶುರುವಾಗುವ ಮೊದಲೇ ಆ ಅಕ್ಕ ತೀರಿಕೊಂಡರು. ಮಂಡಿನೋವಿನ ಅಜ್ಜಿಗೆ ಹೋಗಲಾಗಲಿಲ್ಲ. ಮಕ್ಕಳು ತಮ್ಮ ಹಬ್ಬ ಮುಗಿಸಿ ಹೊರಟ ಸಂಜೆ, ಅಜ್ಜಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಫೋನು. ಬಾಲ್ಕನಿಯಾಚೆ ಬರೀ ಮೋಡ. ನಾನು ಮೊಬೈಲಿನಲ್ಲಿ ಹುಡುಕಿ ಹೇಳಿದೆ, "ನಿಮ್ಮ ದೇಶದಲ್ಲಿ ಚಂದ್ರ ಕಂಡನಂತೆ ಅಜ್ಜಿ, ನಾಳೆ ಹಬ್ಬ."

"ಯಾರು ಕಂಡರು?"

ನಾನು ಮೊಬೈಲು ಮಗುಚಿಟ್ಟು ಅವರಿಗೆ ಕುರ್ಚಿ ಎಳೆದುಕೊಟ್ಟೆ.

ಹಬ್ಬದ ದಿನ ಉಪವಾಸವಿರಬಾರದು, ಅದು ಅವರಿಗೆ ಚೆನ್ನಾಗಿ ಗೊತ್ತು. ಮರುದಿನ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲೇ ಕೂತು ಒಂದು ಖರ್ಜೂರ ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ನುಂಗಲೇ ಇಲ್ಲ. ಕಣ್ಣೀರು ವಾಲಿದ ಕತ್ತಿನ ಮೇಲೆ ಇಳಿಯುತ್ತಿತ್ತು. ಬಾಣಂತಿಯಾಗಿದ್ದಾಗ ನನ್ನ ಅಳು ನಿಲ್ಲಿಸಿದ ಹೆಂಗಸು ಅಳುತ್ತಿದ್ದರೆ, ಬೆನ್ನು ಸವರುವುದು ಬಿಟ್ಟು ನನಗೇನೂ ತೋಚಲಿಲ್ಲ. ಸೂಪು ಮಾಡಿಕೊಡಬಹುದಿತ್ತು, ಅಕ್ಕನನ್ನು ಎಲ್ಲಿಂದ ತರಲಿ?

ಚಳಿಗಾಲದಲ್ಲಿ ಅಜ್ಜಿಯೂ ಹೋದರು. ಮಕ್ಕಳು ಊರಿಗೇ ಒಯ್ದು ಅಕ್ಕನ ಪಕ್ಕದಲ್ಲಿ ಮಣ್ಣು ಮಾಡಿ ಬಂದರು.

ಈ ಸಲ ರಂಜಾನ್ ಮುಗಿಯುವ ಸಂಜೆ ಸುಮ್ಮನೆ ಬಾಲ್ಕನಿಗೆ ಬಂದೆ. ಅಪರೂಪಕ್ಕೆ ಆಕಾಶ ತಿಳಿಯಾಗಿತ್ತು. ಎದುರಿನ ಕಟ್ಟಡದ ಮೇಲೆ ಎಳೆಚಂದ್ರ. ಕಣ್ಣಾರೆ ಕಂಡೆ. ಕೆಳಗಿನ ಮನೆಯ ಕಿಟಕಿ ಕತ್ತಲು. ತಡೆಯಲಾಗದೆ ಧಾರವಾಡಕ್ಕೆ ಫೋನು ಹಚ್ಚಿ, "ಅವ್ವಾ, ಚಂದ್ರ ಕಂಡ" ಎಂದೆ.

ನಿದ್ದೆಯಿಂದ ಎದ್ದ ಅವ್ವನಿಗೆ ಗಾಬರಿ. "ಇವತ್ತ ಸಂಕಷ್ಟಿ ಅಲ್ಲಲ್ಲ ತಂಗಿ. ಅಲ್ಲೆ ಯಾರು ಉಪಾಸ ಕುಂತಾರ?"